ಎದುರಿನ ಗೇಟು, ಹಿಂದಿನ ಬಾಗಿಲು

ಹೊಸಂಗಡಿಯಲ್ಲಿ ಬಸ್ಸಿಗೆ ಕಾಯುತ್ತಿರುವಾಗ ಈಗಲೂ ಯಾರಾದರೂ ಹತ್ತಿರ ಬಂದು, ನೀವು ಗಿಡದ ಬಾಯಮ್ಮನ ಮಗಳಲ್ವಾ ಎಂದು ಕೇಳುವುದುಂಟು. ಕೆಲವರು ಪ್ರೀತಿಯಿಂದ ಕೇಳುತ್ತಾರೆ. ಕೆಲವರ ದನಿಯಲ್ಲಿ ಸಣ್ಣದೊಂದು ಮುಳ್ಳಿರುತ್ತದೆ. ಇಬ್ಬರಿಗೂ ನನ್ನ ಉತ್ತರ ಒಂದೇ: ಹೌದು, ಅವಳ ಮಗಳೇ, ಈಗ ಗಿಡ ಮಾರುವವಳು ನಾನು. ಮುಳ್ಳಿಟ್ಟುಕೊಂಡು ಕೇಳುವವರು ಎಂದೋ ನಮ್ಮ ಗೇಟಿನಲ್ಲಿ ಬಿಟ್ಟಿ ಗಿಡ ಕೇಳಿ ಸಿಗದೆ ಹೋದವರು, ಇಲ್ಲವೇ ಅಂಥವರ ಮಕ್ಕಳು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರ ಸಮಾಧಾನಕ್ಕಾಗಿ ನನ್ನ ಬಾಲ್ಯವನ್ನು ಮೆತ್ತಗೆ ಮಾಡಿ ಬರೆಯುವ ಮನಸ್ಸೂ ಇಲ್ಲ.

ನಮ್ಮ ಮನೆ ಹೊಸಂಗಡಿಯಿಂದ ಒಳಗೆ ಹೋಗುವ ಬಸ್ಸಿನ ದಾರಿಯಲ್ಲಿ, ಮುರಕಲ್ಲಿನ ಒಂದು ಇಳಿಜಾರಿನಲ್ಲಿತ್ತು. ಎದುರಿಗೆ ರಸ್ತೆಯವರೆಗೆ ಮೂವತ್ತು ಸೆಂಟ್ಸ್ ಖಾಲಿ ಜಾಗ, ಹಿಂದೆ ಬಾವಿ, ದನದ ಹಟ್ಟಿ, ಅಡಿಗೆಮನೆಯ ಬಾಗಿಲು. ಪಪ್ಪ, ಅಮ್ಮ, ಪಪ್ಪನ ತಾಯಿಯಾದ ಅಜ್ಜಿ, ನಾನು, ಒಂದು ದನ, ಇಷ್ಟೇ ಸಂಸಾರ. ನಾವು ಕ್ರಿಸ್ತಿಯನ್ನರು, ಅದಕ್ಕೇ ಅಮ್ಮ ಊರಿನವರಿಗೆ ಬಾಯಮ್ಮ, ಮನೆಮಾತು ಕೊಂಕಣಿ. ಶಾಲೆಯಲ್ಲಿ ಕನ್ನಡ, ನೆರೆಕರೆಯಲ್ಲಿ ತುಳು, ಗಡಿಯ ಆಚೆಯ ಊರಾದ್ದರಿಂದ ಪಪ್ಪನ ಆಫೀಸಿನ ಕಾಗದಗಳಲ್ಲಿ ಮಲಯಾಳ. ಪಪ್ಪ ವಿದ್ಯಾನಗರದ ಒಂದು ಕಚೇರಿಯಲ್ಲಿ ಗುಮಾಸ್ತ. ಬೆಳಗ್ಗೆ ಬುತ್ತಿಯ ಚೀಲ ಹಿಡಿದು ಹೋದರೆ ಸಂಜೆ ಅದೇ ಚೀಲದಲ್ಲಿ ಆಫೀಸಿನ ಕ್ಯಾಂಟೀನಿನ ಖಾಲಿ ಹಾಲಿನ ಪ್ಲಾಸ್ಟಿಕ್ ತೊಟ್ಟೆಗಳನ್ನು ತೊಳೆದು ಮಡಚಿ ತರುತ್ತಿದ್ದರು. ಆ ತೊಟ್ಟೆಗಳಿಗೆ ತಳದಲ್ಲಿ ನಾಲ್ಕು ತೂತು ಮಾಡಿ ಮಣ್ಣು ತುಂಬಿಸಿ ಅಮ್ಮ ಗಿಡ ನೆಡುತ್ತಿದ್ದಳು. ಸಹೋದ್ಯೋಗಿಗಳು ನಗುತ್ತಿದ್ದರಂತೆ. ಪಪ್ಪ ಅವರ ಜೊತೆ ತಾನೂ ನಕ್ಕು ತೊಟ್ಟೆಗಳನ್ನು ಮಾತ್ರ ಬಿಡದೆ ತರುತ್ತಿದ್ದರು.

ಹೂವಿನ ಗಿಡವನ್ನು ದುಡ್ಡು ಕೊಟ್ಟು ತರುವುದು ಆಗ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಬೇಕಾದರೆ ಬೇಲಿಯ ಬಳಿ ನಿಂತು ಒಂದು ಗೆಲ್ಲು ಕೇಳಬೇಕು. ಕೊಟ್ಟರೆ ಸರಿ, ಕೊಡದಿದ್ದರೆ ಯಾರೂ ನೋಡದಾಗ ಮುರಿದುಕೊಂಡು ಹೋಗಬೇಕು. ಕದ್ದ ಗೆಲ್ಲು ಬೇಗ ಬೇರು ಬಿಡುತ್ತದೆ ಎಂಬ ನಂಬಿಕೆ ಬೇರೆ ಇತ್ತಾದ್ದರಿಂದ ಕದಿಯುವವರಿಗೆ ನಾಚಿಕೆಯೂ ಇರಲಿಲ್ಲ. ಅಜ್ಜಿ ಈ ಧರ್ಮದಲ್ಲಿ ಬೆಳೆದವಳು. ಅವಳ ಕೈಗುಣ ಊರಿನಲ್ಲೇ ಹೆಸರಾದದ್ದು. ಅವಳು ಚುಚ್ಚಿದ ಒಣಕಡ್ಡಿಯೂ ಚಿಗುರುತ್ತದೆ ಎನ್ನುತ್ತಿದ್ದರು. ಆ ಗುಣ ಕೈಯಲ್ಲಿ ಉಳಿಯಬೇಕಾದರೆ ಗಿಡಕ್ಕೆ ಬೆಲೆ ಹೇಳಬಾರದು, ಹೇಳಿದ ದಿನವೇ ಅದು ಇಳಿದು ಹೋಗುತ್ತದೆ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು. ಅಂಥ ಮನೆಗೆ ಸೊಸೆಯಾಗಿ ಬಂದ ಅಮ್ಮ ಮೊದಲ ಮಳೆಗಾಲದಲ್ಲೇ ಮೂವತ್ತು ಮಲ್ಲಿಗೆ ಕಡ್ಡಿಗಳನ್ನು ಬೇರು ಬರಿಸಿ, ಕೇಳಲು ಬಂದ ನೆರೆಯ ಕಮಲಕ್ಕನಿಗೆ ಬೆಲೆ ಹೇಳಿದಳು. ಕಮಲಕ್ಕ ತಮಾಷೆ ಎಂದುಕೊಂಡು ನಕ್ಕರಂತೆ. ಅಮ್ಮ ನಗಲಿಲ್ಲ.

ನನಗೆ ಬುದ್ಧಿ ಬರುವ ಹೊತ್ತಿಗೆ ಆ ಎದುರಿನ ಜಾಗ ಪೂರ್ತಿ ಗಿಡವಾಗಿತ್ತು, ಮನೆಯ ಒಳಗೂ ಗಿಡ ಬಂದಿತ್ತು. ಬಚ್ಚಲುಮನೆಯ ಅರ್ಧ ಭಾಗ ಬೇರು ಬರಿಸುವ ಕಡ್ಡಿಗಳದ್ದು. ಅಲ್ಲಿ ಮಬ್ಬು ಬೆಳಕು, ಸದಾ ತೇವ, ಅವಕ್ಕೆ ಅದೇ ಬೇಕು. ಹಾಗಾಗಿ ನಾನು ದೊಡ್ಡವಳಾಗುವವರೆಗೂ ದಾಸವಾಳ, ಕ್ರೋಟನ್, ಮಲ್ಲಿಗೆಗಳ ನಡುವೆ ಕೂತೇ ಸ್ನಾನ ಮಾಡಿದ್ದು, ಅದೂ ಸಾಬೂನಿನ ನೀರು ಅವುಗಳಿಗೆ ಹಾರದಂತೆ ಮೈ ಮುದುಡಿಕೊಂಡು. ಚಾವಡಿಯಲ್ಲಿ ಬಾಲಮರಿಯಮ್ಮನ ಪೀಠದ ಕೆಳಗೆ ಹರಿವೆ, ಬದನೆ, ಹೀರೆಯ ಬೀಜಗಳ ಬಾಟಲಿಗಳು. ಮಳೆ ಮುಗಿದ ಕೂಡಲೇ ತರಕಾರಿ ಸಸಿಗಳ ಕಾಲ. ಕ್ರಿಸ್ಮಸ್ಸಿಗೆ ಗೊಂಡೆ ಮತ್ತು ಗುಲಾಬಿ. ಮಾರ್ಚಿನಿಂದ ತೆಂಗಿನ ಮಡಲಿನ ಚಪ್ಪರ ಕಟ್ಟಿ, ಬಾವಿಯ ನೀರು ತಳ ಕಾಣುವ ತನಕ ಸೇದಿ, ಇದ್ದ ಗಿಡಗಳ ಜೀವ ಉಳಿಸುವ ಕೆಲಸ. ಮೇ ತಿಂಗಳಲ್ಲಿ ಸುಡುಮಣ್ಣು, ಮರಳು, ಹಳೆಯ ಸೆಗಣಿ ಬೆರೆಸಿ ತೊಟ್ಟೆ ತುಂಬಿಸುವುದು. ಜೂನಿನ ಮೊದಲ ಮಳೆ ಬಿದ್ದ ವಾರವೇ ನಮ್ಮ ವರ್ಷ. ಆ ವಾರದಲ್ಲಿ ಹೋಗದ ಗಿಡ ಆಮೇಲೆ ಹೋಗುವುದು ಕಷ್ಟ. ಗೊಬ್ಬರವೆಲ್ಲ ಹಟ್ಟಿಯಿಂದ ಮತ್ತು ಅಡಿಗೆಮನೆಯಿಂದ. ಅಂಗಡಿಯ ಗೊಬ್ಬರ, ಕೀಟದ ಮದ್ದು ಗೇಟಿನ ಒಳಗೆ ಬರುವಂತಿಲ್ಲ ಎಂಬುದು ಅಮ್ಮನ ಕಾನೂನು. ಅವಳು ದನದ ಹಿಂಡಿ ಕೊಳೆಸಿದ ನೀರಿನ ವಾಸನೆ ನಮ್ಮ ಬಟ್ಟೆಗೆ, ಪುಸ್ತಕಕ್ಕೆ, ಅನ್ನಕ್ಕೂ ಹತ್ತಿರುತ್ತಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂತವಳು ಮೂಗು ಮುಚ್ಚಿದರೆ ನಾನು ಇನ್ನಷ್ಟು ಹತ್ತಿರ ಸರಿದು ಕೂರುತ್ತಿದ್ದೆ.

ಅಮ್ಮ ಎದುರಿನ ಗೇಟಿನಲ್ಲಿ ಮಾರುತ್ತಿದ್ದಳು. ಅಜ್ಜಿ ಹಿಂದಿನ ಬಾಗಿಲಲ್ಲಿ ಬಿಟ್ಟಿ ಕೊಡುತ್ತಿದ್ದಳು. ಇದು ಕಥೆಗಾಗಿ ಹೇಳುವ ಮಾತಲ್ಲ, ಅಕ್ಷರಶಃ ನಡೆಯುತ್ತಿದ್ದದ್ದು. ಗೇಟಿನಲ್ಲಿ ಬೆಲೆ ಕೇಳಿ ಹುಬ್ಬೇರಿಸಿದವರು ರಸ್ತೆಯಲ್ಲಿ ನಾಲ್ಕು ಹೆಜ್ಜೆ ಹೋಗಿ, ಬಾವಿಯ ಪಕ್ಕದ ಕಾಲುದಾರಿ ಹಿಡಿದು, ಅಡಿಗೆಮನೆಯ ಮೆಟ್ಟಿಲ ಬಳಿ ಬಂದು ಕೆಮ್ಮುತ್ತಿದ್ದರು. ಅಜ್ಜಿ ಸೆರಗಿನ ಮರೆಯಲ್ಲಿ ಗಿಡ ದಾಟಿಸುತ್ತಿದ್ದಳು. ಕೆಲವೊಮ್ಮೆ ಅವು ಅಮ್ಮ ಬೆಳಗ್ಗೆಯಷ್ಟೇ ಮಾರಲಿಕ್ಕೆಂದು ಸಾಲಾಗಿ ಇಟ್ಟವೇ ಆಗಿರುತ್ತಿದ್ದವು. ರಾತ್ರಿ ಗಂಜಿಗೆ ಕೂತಾಗ ಜಗಳ ಶುರು.

“ಮಾಂಯ್, ಆ ಕೆಂಪು ದಾಸವಾಳ ಎಲ್ಲಿಗೆ ಹೋಯ್ತು?”

“ಹೋಗುವಲ್ಲಿಗೆ ಹೋಯ್ತು. ಕೇಳಿದವರಿಗೆ ಇಲ್ಲ ಅನ್ಲಿಕ್ಕೆ ನನ್ನ ತಾಯಿ ನನಗೆ ಕಲಿಸಲಿಲ್ಲ.”

“ನನ್ನ ತಾಯಿಯೂ ನನಗೆ ಕಲಿಸಲಿಲ್ಲ. ನಾನೇ ಕಲಿತದ್ದು.”

ಮಾಂಯ್ ಎಂದರೆ ಅತ್ತೆಗೂ ಸಲ್ಲುವ, ತಾಯಿಗೂ ಸಲ್ಲುವ ಕರೆ. ಅಮ್ಮನ ಬಾಯಲ್ಲಿ ಅದು ಅತ್ತೆಯೇ. ಪಪ್ಪ ಇಬ್ಬರ ಮಧ್ಯೆ ಕೂತು ಉಪ್ಪಿನಕಾಯಿಯನ್ನು ಮೆಲ್ಲ ನನ್ನ ಕಡೆಗೆ ಸರಿಸುತ್ತಿದ್ದರು. ಮರಿಯಮ್ಮನ ಹುಟ್ಟಿನ, ಹೊಸ ತೆನೆಯ ಮೊಂತಿ ಹಬ್ಬದ ಒಂಬತ್ತು ದಿನ ಮಾತ್ರ ಆ ಮನೆಯಲ್ಲಿ ಶಾಂತಿ. ಮಕ್ಕಳು ಬಾಲಮರಿಯಮ್ಮನಿಗೆ ಹಾಕುವ ಹೂವನ್ನು ಮಾರುವುದಿಲ್ಲ ಎಂಬಲ್ಲಿ ಇಬ್ಬರಿಗೂ ಒಮ್ಮತವಿತ್ತು. ಹತ್ತನೆಯ ದಿನ ಮತ್ತೆ ಯುದ್ಧ.

ನನಗೆ ಹನ್ನೊಂದು ವರ್ಷವಾದಾಗ ಅಮ್ಮ ಆ ದೊಡ್ಡ ತಪ್ಪು ಮಾಡಿದಳು. ಬೂತಾಯಿ ಮೀನನ್ನು ಬೆಲ್ಲದ ಜೊತೆ ಭರಣಿಯಲ್ಲಿ ಕೊಳೆಸಿ, ಆ ರಸವನ್ನು ನೀರಿಗೆ ಬೆರೆಸಿ ಹಾಕಿದರೆ ಗಿಡ ಹೊಳೆಯುತ್ತದೆ ಎಂದು ಅವಳು ಕೃಷಿಭವನದ ಒಂದು ತರಗತಿಯಲ್ಲಿ ಕಲಿತಿದ್ದಳು, ಎರಡು ವರ್ಷ ಮಾಡಿ ಗೆದ್ದೂ ಇದ್ದಳು. ಆ ಬೇಸಗೆಯಲ್ಲಿ ಬೂತಾಯಿ ಸಿಗಲೇ ಇಲ್ಲ. ತಿನ್ನಲಿಕ್ಕೇ ಇಲ್ಲದ ಮೀನನ್ನು ಗಿಡಕ್ಕೆ ಎಲ್ಲಿಂದ ತರುವುದು? ಅಮ್ಮ ಒಣಮೀನಿನ ಅಂಗಡಿಯವನ ಹತ್ತಿರ ಚೀಲಗಳ ತಳದಲ್ಲಿ ಉಳಿದ ಹುಡಿ ಕೇಳಿ ತಂದಳು. ಒಣಮೀನಿಗೆ ಉಪ್ಪು ಹಾಕಿರುತ್ತಾರೆ ಎಂದು ನಮ್ಮ ಕರಾವಳಿಯಲ್ಲಿ ತೊಟ್ಟಿಲ ಮಗುವಿಗೂ ಗೊತ್ತು, ಅವಳಿಗೂ ಗೊತ್ತಿತ್ತು. ಸಾರು ಮಾಡುವಾಗ ಎರಡು ಸಲ ತೊಳೆದರೆ ಉಪ್ಪು ಹೋಗುತ್ತದಲ್ಲ ಎಂದು ಅಡಿಗೆಯ ಲೆಕ್ಕದಲ್ಲಿ ಎರಡು ನೀರಿನಲ್ಲಿ ತೊಳೆದು ಭರಣಿಗೆ ಹಾಕಿದಳು. ಮೇ ತಿಂಗಳ ಕೊನೆಗೆ ಆ ರಸವನ್ನು ಎದುರಿನ ಜಾಗದ ಅಷ್ಟೂ ತೊಟ್ಟೆಗಳಿಗೆ ಹೊಯ್ದೆವು, ನಾನೂ ಚೆಂಬು ಹಿಡಿದು ಹೊಯ್ದೆ. ಮೊದಲ ಮಳೆಗೆ ಜನ ಬಂದರು, ಅರ್ಧದಷ್ಟು ಗಿಡ ಮಾರಿಹೋಯಿತು. ಮುಂದಿನ ವಾರ ಉಳಿದ ಗಿಡಗಳ ಎಲೆಯ ಅಂಚು ಕಂದಿತು, ಆಮೇಲೆ ತುದಿ ಬಾಗಿತು. ತೊಟ್ಟೆ ಹರಿದು ನೋಡಿದರೆ ಬೇರು ಕಪ್ಪಾಗಿತ್ತು. ನಮ್ಮಲ್ಲಿ ಸತ್ತದ್ದು ಕೊಂಡವರ ಅಂಗಳದಲ್ಲಿಯೂ ಸಾಯುತ್ತಿತ್ತು.

ಅಜ್ಜಿ ಸತ್ತ ಮಲ್ಲಿಗೆಯ ಸಾಲಿನ ಎದುರು ನಿಂತು ಅಮ್ಮನಿಗೆ ಒಂದೇ ಮಾತು ಹೇಳಿದಳು.

“ಕೈಗುಣ ಹೋಯ್ತು, ಸೆವ್ರಿನ್. ನಾನು ಹೇಳಿದ್ದು ಇದನ್ನೇ.”

ಆ ಮಾತು ಹಿಂದಿನ ಬಾಗಿಲಿನಿಂದ ಹೊರಟು ಎರಡೇ ದಿನದಲ್ಲಿ ಊರು ಸುತ್ತಿತು. ಗೇಟಿಗೆ ಬರುವವರು ನಿಂತರು. ಗೊಬ್ಬರದ ಅಂಗಡಿಯವರು, ಉಳಿದವಕ್ಕೆ ಒಂದೊಂದು ಚಿಟಿಕೆ ಯೂರಿಯಾ ಹಾಕಿ ಬಾಯಮ್ಮ, ವಾರದಲ್ಲಿ ಹಸುರು ಬರ್ತದೆ ಎಂದು ಹೇಳಿಕಳುಹಿಸಿದರು. ಉಪ್ಪಿನ ತಪ್ಪಿಗೆ ಇನ್ನೊಂದು ಉಪ್ಪಾ ಎಂದು ಅಮ್ಮ ಆ ಮಾತು ತಂದವನನ್ನು ಅಟ್ಟಿದಳು. ಆಮೇಲೆ ಬಚ್ಚಲುಮನೆಗೆ ಹೋದಳು. ಮೀನಿನ ರಸ ಮುಟ್ಟದಿದ್ದವು ಅಲ್ಲಿಯ ಕಡ್ಡಿಗಳು ಮಾತ್ರ. ಅವುಗಳಲ್ಲಿ ಬೇರು ಬಂದವನ್ನೆಲ್ಲ ಆರಿಸಿ, ಎರಡು ಬುಟ್ಟಿಗಳಲ್ಲಿ ಜೋಡಿಸಿ, ಸಣ್ಣದನ್ನು ನನ್ನ ತಲೆಗೆ ಹೊರಿಸಿದಳು. ಆ ವರ್ಷ ಗಿಡ ಕೊಂಡವರ ಮನೆಗಳಿಗೆ ಮಳೆಯಲ್ಲಿ ನಡೆದುಕೊಂಡೇ ಹೋದೆವು. ಪ್ರತಿ ಅಂಗಳದಲ್ಲಿ ಮಾತಾಡಬೇಕಾದವಳು ನಾನು. ವಾಕ್ಯವನ್ನು ಅಮ್ಮ ಕಲಿಸಿಕೊಟ್ಟಿದ್ದಳು: ನಮ್ಮ ಗಿಡ ಸತ್ತದ್ದು ನಮ್ಮ ತಪ್ಪಿನಿಂದ, ಉಪ್ಪು ಹೆಚ್ಚಾಯಿತು, ಬೇರೆ ತಂದಿದ್ದೇವೆ. ನನ್ನ ತರಗತಿಯವಳ ಮನೆಯಲ್ಲಿ ನನಗೆ ಬಾಯಿ ಬರಲಿಲ್ಲ. ಅವಳು ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಅಮ್ಮ ನನ್ನ ಪರವಾಗಿ ಹೇಳಲಿಲ್ಲ. ಬುಟ್ಟಿ ಇಳಿಸಲೂ ಇಲ್ಲ. ನಾನು ಹೇಳುವ ತನಕ ಇಬ್ಬರೂ ಆ ಅಂಗಳದಲ್ಲಿ ನೆನೆಯುತ್ತಾ ನಿಂತೆವು. ಅಂದು ಅವಳನ್ನು ನಾನು ದ್ವೇಷಿಸಿದೆ. ಇವತ್ತು ನನಗೆ ಯಾರ ಎದುರೂ ನಿಂತು ಮಾತಾಡಲು ಹೆದರಿಕೆಯಿಲ್ಲ ಎಂದರೆ ಅದು ಆ ಅಂಗಳದಲ್ಲಿ ಬಂದದ್ದು.

ಕಮಲಕ್ಕ ಗಿಡ ತೆಗೆದುಕೊಂಡರು, ಆದರೆ ಎರಡು ಬೆರಳಲ್ಲಿ ಹಿಡಿದುಕೊಂಡರು.

“ಬೇಜಾರು ಮಾಡ್ಬೇಡ ಮಾರಾಯ್ತಿ. ಕೈಗುಣ ಹೋದವರ ಗಿಡ ಅಂಗಳದಲ್ಲಿ ಇಡಬಾರದು ಅಂತ ಹೇಳ್ತಾರೆ.”

ಅಮ್ಮ ಕೆಸರಿನ ಕೈಯನ್ನು ಅವರ ಮುಖದ ಎದುರು ಚಾಚಿದಳು.

“ನೋಡಿ ಕಮಲಕ್ಕ, ಸರಿಯಾಗಿ ನೋಡಿ. ಇದಕ್ಕೆ ಎಂತ ಆಗಿದೆ? ಉಪ್ಪು ಹೆಚ್ಚಾದ್ರೆ ಹಾಳಾಗುವುದು ಸಾರು. ಅಡಿಗೆಯವಳ ಕೈಯಲ್ಲ.”

ಆ ಮಳೆಗಾಲದಲ್ಲಿ ಮಾರಲು ಗಿಡವಿಲ್ಲ, ಹಿಂದಿನ ಬಾಗಿಲಲ್ಲಿ ಕೊಡಲೂ ಇಲ್ಲ. ಅಜ್ಜಿ ಕೆಲಸವಿಲ್ಲದೆ ಮೆಟ್ಟಿಲ ಮೇಲೆ ಕೂತು ಬಾವಿಯ ದಾರಿ ನೋಡುತ್ತಿದ್ದಳು. ಅಮ್ಮ ಮತ್ತೆ ಮೊದಲಿನಿಂದ ಕಡ್ಡಿ ಕತ್ತರಿಸತೊಡಗಿದಳು. ಆಗಲೇ ಮಂಗಳೂರಿನಲ್ಲಿದ್ದ ದೊಡ್ಡಪ್ಪ ಒಂದು ಯೋಚನೆ ಮಾಡಿದರು. ಅವರು ಕಟ್ಟಡದ ಕಂತ್ರಾಟುದಾರರು. ನಮ್ಮ ಎದುರಿನ ರಸ್ತೆ ಅಗಲವಾಗಿತ್ತು, ಬಸ್ಸುಗಳು ಹೆಚ್ಚಾಗಿದ್ದವು. ಆ ಮೂವತ್ತು ಸೆಂಟ್ಸ್ ಜಾಗ ಅಜ್ಜಿಯ ಹೆಸರಿನಲ್ಲಿತ್ತು. ಅವಳು ಒಂದು ಹೆಬ್ಬೆಟ್ಟು ಒತ್ತಿದರೆ ಸಾಲಾಗಿ ಅಂಗಡಿಕೋಣೆಗಳನ್ನು ಕಟ್ಟಿ ಬಾಡಿಗೆಗೆ ಕೊಡಬಹುದು. ಕೆಟ್ಟ ಮನುಷ್ಯರಲ್ಲ ದೊಡ್ಡಪ್ಪ. ಬಂದಾಗಲೆಲ್ಲ ನನಗೆ ಬಿಸ್ಕತ್ತು ತರುತ್ತಿದ್ದರು, ಹೋಗುವಾಗ ಕಾರಿನ ಡಿಕ್ಕಿ ತುಂಬ ಗಿಡ ಒಯ್ಯುತ್ತಿದ್ದರು. ಅದಕ್ಕೆ ಬೆಲೆಯುಂಟು ಎಂಬುದು ಅವರಿಗೆ ಹೊಳೆದೇ ಇರಲಿಲ್ಲ, ಅಷ್ಟೇ.

ಮೊಂತಿ ಹಬ್ಬದ ದಿನ ಅವರು ಬಂದರು. ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿ ಕೊಟ್ಟ ಹೊಸ ಭತ್ತದ ತೆನೆಯನ್ನು ಪೀಠದ ಮೇಲಿಟ್ಟು ಪ್ರಾರ್ಥನೆ ಮಾಡಿ, ಅದರ ಕಾಳು ಸುಲಿದು ಅರೆದು ತೆಂಗಿನ ಹಾಲು ಬೆಲ್ಲ ಸೇರಿಸಿದ್ದನ್ನು ಅಜ್ಜಿ ಎಲ್ಲರಿಗೂ ಹಂಚಿದಳು. ಬಾಳೆಎಲೆಯಲ್ಲಿ ಕೆಸುವಿನ ದಂಟು, ಅಂಬಟೆ, ತೊಂಡೆಕಾಯಿ, ಬೆಂಡೆ, ಹರಿವೆ. ಆ ದಿನ ಮೀನಿಲ್ಲ, ಮಾಂಸವಿಲ್ಲ. ಊಟದ ಮಧ್ಯೆ ದೊಡ್ಡಪ್ಪ ಎಡಗೈಯಿಂದ ಕಿಸೆಯ ಕಾಗದ ತೆಗೆದು ಅಜ್ಜಿಯ ಎಲೆಯ ಪಕ್ಕ ಇಟ್ಟರು.

“ಮಾಂಯ್, ಎದುರಿನ ಜಾಗದ್ದು ಒಂದು ತೀರ್ಮಾನ ಆಗ್ಲಿ. ಹೇಗೂ ಗಿಡ ಎಲ್ಲ ಸತ್ತಿದೆ. ಇವಳ ಕೈಗುಣ ಹೋಗಿದೆ ಅಂತ ಫೋನಲ್ಲಿ ನೀನೇ ಹೇಳಿದ್ದಲ್ವಾ?”

“ಹೇಳಿದ್ದೇನೆ,” ಎಂದಳು ಅಜ್ಜಿ. “ಅವಳ ಎದುರಿಗೂ ಹೇಳಿದ್ದೇನೆ. ಅದು ನಾನು ಮತ್ತು ನನ್ನ ಸೊಸೆ ಜಗಳ ಮಾಡುವ ಸಂಗತಿ. ಅದರಲ್ಲಿ ನಿನ್ನದೆಂತ? ಮಳೆಯಲ್ಲಿ ಬುಟ್ಟಿ ಹೊತ್ತು ಮನೆಮನೆಗೆ ಹೋದವಳು ಅವಳು. ನೀನು ಒಂದು ಬಸಳೆ ನೆಟ್ಟದ್ದುಂಟಾ?”

“ಬಾಡಿಗೆ ಬರ್ತದೆ ಮಾಂಯ್. ನಿನಗೇ ಬರುವುದು.”

“ಊಟ ಮಾಡು. ಅಂಬಟೆ ತಣೀತದೆ.”

ಅಷ್ಟಕ್ಕೆ ಮುಗಿಯಿತು ಎಂದು ಎಲ್ಲರೂ ತಿಳಿದೆವು. ಪಪ್ಪ ಉಸಿರು ಬಿಟ್ಟು ಅನ್ನ ಕಲಸಿದರು. ಬಡಿಸುತ್ತಿದ್ದ ಅಮ್ಮ ಸೌಟನ್ನು ಪಾತ್ರೆಯೊಳಗೆ ಹಾಕಿ ಅಲ್ಲೇ ನಿಂತಳು. ಕಾಪಾಡಿದವರಿಗೆ ಕೃತಜ್ಞತೆ ಹೇಳುವ ಮುಖ ಅವಳದ್ದಾಗಿರಲಿಲ್ಲ.

“ಮಾಂಯ್, ಇವತ್ತು ನೀವು ಬೇಡ ಅಂದ್ರಿ. ನೀವು ಹೋದ ಮೇಲೆ ಬೇಡ ಅನ್ನುವವರು ಯಾರು? ಆ ಜಾಗ ನನ್ನ ಹೆಸರಿಗೆ ಮಾಡಿ.”

“ಸೆವ್ರಿನ್, ಹಬ್ಬದ ದಿನ ಎಂತ ಮಾತು ಇದು,” ಎಂದರು ಪಪ್ಪ.

“ಹಬ್ಬದ ದಿನ ಅವರು ಕಾಗದ ತರಬಹುದು. ನಾನು ಬಾಯಿ ತೆರೀಬಾರದಾ?”

ಅತ್ತೆಯ ಸಾವನ್ನು ಹಬ್ಬದ ಎಲೆಯ ಎದುರು ಹೇಳಿದ ಸೊಸೆಯನ್ನು ನಮ್ಮ ಕುಟುಂಬ ಅದುವರೆಗೆ ಕಂಡಿರಲಿಲ್ಲ. ಅಜ್ಜಿ ದೊಡ್ಡಪ್ಪನ ಕಾಗದವನ್ನು ಬೆರಳಲ್ಲಿ ದೂರ ತಳ್ಳಿದಳು.

“ಕೊಡ್ತೇನೆ. ನನ್ನ ಜಾಗ, ನನಗೆ ಬೇಕಾದವರಿಗೆ ಕೊಡ್ತೇನೆ.”

“ಕೊಡುವುದು ಬೇಡ. ಬೆಲೆ ಹೇಳಿ. ನಾನು ತಕೊಳ್ತೇನೆ.”

“ಬೆಲೆಯಾ? ನಾನು ಮಾರುವವಳಲ್ಲ.”

“ನಾನು ಬಿಟ್ಟಿ ತಕೊಳ್ಳುವವಳಲ್ಲ.”

ದೊಡ್ಡಪ್ಪ ಮೊದಲು ಗಾಬರಿಯಾದರು, ಆಮೇಲೆ ನಕ್ಕುಬಿಟ್ಟರು. ಇವರಿಬ್ಬರು ಈ ಜನ್ಮದಲ್ಲಿ ಒಪ್ಪುವುದಿಲ್ಲ, ಜಾಗ ಎಲ್ಲಿಗೂ ಹೋಗುವುದಿಲ್ಲ ಎಂದು ಅವರಿಗೆ ಧೈರ್ಯ ಬಂದಿರಬೇಕು. ಅವರ ಎಣಿಕೆ ಬಹುಮಟ್ಟಿಗೆ ಸರಿಯೇ ಇತ್ತು. ಕ್ರಿಸ್ಮಸ್ ಕಳೆಯಿತು, ಚಪ್ಪರ ಕಟ್ಟುವ ಕಾಲ ಬಂತು, ಕೊಡುತ್ತೇನೆ ಎನ್ನುವವಳೂ ಕೊಳ್ಳುತ್ತೇನೆ ಎನ್ನುವವಳೂ ಹಟ ಬಿಡಲಿಲ್ಲ. ಯಾಕೆ ಅಷ್ಟು ಹಟ ಎಂದು ನಾನು ಒಮ್ಮೆ ತೊಟ್ಟೆ ತುಂಬಿಸುತ್ತಾ ಕೇಳಿದೆ. ಅಮ್ಮ ಹೇಳಿದಳು: ಬಿಟ್ಟಿ ಬಂದದ್ದನ್ನು ನಾಳೆ ಯಾರಾದರೂ ಬಂದು ಕೇಳಬಹುದು, ಮುದುಕಿಯನ್ನು ಮರುಳು ಮಾಡಿ ಬರೆಸಿಕೊಂಡಳು ಎನ್ನಬಹುದು. ದುಡಿದು ಕೊಟ್ಟು ತಕೊಂಡದ್ದನ್ನು ಕೇಳಲಿಕ್ಕೆ ಯಾರಿಗೂ ಬಾಯಿ ಇಲ್ಲ. ಅವಳು ಹೇಳಿದ್ದು ಸರಿ ಎಂದು ನನಗೆ ಆಗಲೂ ಅನಿಸಿತು, ಈಗಲೂ ಅನಿಸುತ್ತದೆ.

ಆಧಾರ, ಅಂದರೆ ಜಾಗದ ಪತ್ರ, ಬರೆಯುವವರ ಕೋಣೆಗೆ ಹೋದದ್ದು ಆ ಬೇಸಗೆಯಲ್ಲಿ. ಶಾಲೆಗೆ ರಜೆ ಇದ್ದುದರಿಂದ ನಾನೂ ಹೋಗಿದ್ದೆ. ಹೊರಡುವಾಗಲೂ ಇಬ್ಬರಲ್ಲಿ ಒಪ್ಪಂದವಾಗಿರಲಿಲ್ಲ. ಬರೆಯುವವರು ಕನ್ನಡಕ ಏರಿಸಿ, ದಾನವಾ ಕ್ರಯವಾ ಎಂದು ಕೇಳಿದರು. ದಾನ ಎಂದಳು ಅಜ್ಜಿ, ಕ್ರಯ ಎಂದಳು ಅಮ್ಮ, ಒಟ್ಟಿಗೇ. ಅತ್ತೆ ಸೊಸೆಯ ನಡುವೆ ದಾನವಾದರೆ ಮುದ್ರಾಂಕದ ಖರ್ಚು ಕಡಿಮೆ ಎಂದು ಅವರು ಬುದ್ಧಿ ಹೇಳಿದರು. ಅಮ್ಮ ಕುರ್ಚಿಯಿಂದ ಎದ್ದು ಬಾಗಿಲ ಕಡೆ ನಡೆದಳು. ಮಾರದೆ ಮನೆಗೆ ಹಿಂದೆ ಹೋಗುವವಳ ನಡಿಗೆಯೇ ಅದು, ಗೇಟಿನಲ್ಲಿ ಚೌಕಾಶಿ ಮಾಡಿದವರನ್ನು ಬಿಟ್ಟು ಬರುವಾಗ ನಾನು ಎಷ್ಟೋ ಸಲ ನೋಡಿದ್ದೆ. ಅಜ್ಜಿಯೂ ನೋಡಿದ್ದಳು.

“ಹಾಕಿ,” ಎಂದಳು ಅಜ್ಜಿ ಬರೆಯುವವರಿಗೆ. “ಕ್ರಯ ಅಂತಲೇ ಹಾಕಿ. ಬಿಟ್ಟಿ ಕೊಟ್ರೆ ಇವಳ ಕೈಯಲ್ಲಿ ಬದುಕುವುದಿಲ್ಲ.”

ಬೆಲೆಯನ್ನು ಅಮ್ಮನೇ ಹೇಳಿದಳು. ಮಲಯಾಳದಲ್ಲಿ ಬರೆದುದನ್ನು ಅವರು ಗಟ್ಟಿಯಾಗಿ ಓದಿ ಕೇಳಿಸಿದರು. ಅಜ್ಜಿ ಕೊಂಕಣಿಯಲ್ಲಿ ಗೊಣಗುತ್ತಾ ಹೆಬ್ಬೆಟ್ಟು ಒತ್ತಿದಳು. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು. ನಾನು ಯಾರ ಪಕ್ಕ ಕೂರುವುದೆಂದು ತಿಳಿಯದೆ ಕಂಬ ಹಿಡಿದು ನಿಂತೇ ಬಂದೆ.

ಅಮ್ಮ ಮಾರಿದ ಗಿಡದ ದುಡ್ಡಿನಲ್ಲಿ ತಿಂಗಳು ತಿಂಗಳು ಅಜ್ಜಿಗೆ ಜಾಗದ ಬೆಲೆಯ ಕಂತು ಸಲ್ಲಿಸತೊಡಗಿದಳು. ಮೊದಲ ತಿಂಗಳ ನೋಟುಗಳನ್ನು ಅಜ್ಜಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮರುದಿನ ಮಳೆ ಹಿಡಿದಿತ್ತು. ಬೆಳಗ್ಗೆ ಅವಳು ಇಗರ್ಜಿಗೆ ಹೋಗುವ ಸೀರೆ ಉಟ್ಟು, ಕೊಡೆ ಹಿಡಿದು, ಅಡಿಗೆಮನೆಯ ಮೆಟ್ಟಿಲಿಳಿದು, ಬಾವಿಯ ದಾರಿಯಿಂದ ರಸ್ತೆಗೆ ಹೋಗಿ, ಸುತ್ತು ಬಳಸಿ ನಮ್ಮದೇ ಗೇಟಿನ ಹೊರಗೆ ಬಂದು ನಿಂತಳು.

“ಯಾರುಂಟು ಒಳಗೆ?”

ಅಮ್ಮ ತೊಟ್ಟೆಗಳ ಮಧ್ಯದಿಂದ ಎದ್ದು, ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡು ಗೇಟಿನ ಬಳಿ ಬಂದಳು.

“ಮಲ್ಲಿ ಗಿಡಕ್ಕೆ ಎಷ್ಟು?”

ಅಮ್ಮ ಬೆಲೆ ಹೇಳಿದಳು. ಎಲ್ಲರಿಗೂ ಹೇಳುವ ಬೆಲೆಯನ್ನೇ ಹೇಳಿದಳು. ಅಜ್ಜಿ ನಾಲ್ಕು ಗಿಡ ಎತ್ತಿ ನೋಡಿ, ತಳದಿಂದ ಬೇರು ಹೊರಗೆ ಬಂದದ್ದನ್ನು ಬೇಡವೆಂದು ಬದಲಾಯಿಸಿ, ಸೊಂಟದ ನೋಟುಗಳಿಂದ ಎಣಿಸಿ ಕೊಟ್ಟಳು. ಗಿಡಗಳನ್ನು ನನ್ನ ಕೈಗೆ ಕೊಟ್ಟು, ಬಾ ಎಂದಳು. ಬಂದ ದಾರಿಯಲ್ಲೇ ಸುತ್ತು ಬಳಸಿ ಹಿಂದಿನ ಬಾಗಿಲಿಗೆ ಹೋದೆವು. ಮೆಟ್ಟಿಲ ಬಳಿ ಕಮಲಕ್ಕ ಮತ್ತು ಇನ್ನಿಬ್ಬರು ಕಾಯುತ್ತಿದ್ದರು. ಅಜ್ಜಿ ಒಬ್ಬೊಬ್ಬರಿಗೆ ಒಂದೊಂದು ಗಿಡ ಬಿಟ್ಟಿ ಕೊಟ್ಟು, ಉಳಿದ ಒಂದನ್ನು ನಾಳೆ ಬರುವವರಿಗೆಂದು ಬಾವಿಕಟ್ಟೆಯ ಮೇಲಿಟ್ಟಳು. ಅವಳು ಸಾಯುವ ತನಕ ಪ್ರತಿ ತಿಂಗಳೂ ಇದೇ ನಡೆಯಿತು. ಒಂದು ರೂಪಾಯಿ ಕಡಿಮೆ ಮಾಡು ಎಂದು ಅಜ್ಜಿ ಒಮ್ಮೆಯೂ ಕೇಳಲಿಲ್ಲ, ಅಮ್ಮ ಒಮ್ಮೆಯೂ ಮಾಡಲಿಲ್ಲ.